ಕೊನೆಯ ಮಾತು ಯಾರದು? ಹದಿನಾರು ವರ್ಷದ ಬೆಕ್ಕೊಂದರ ಪ್ರಕರಣ

ರೋಗದ ದೃಷ್ಟಿಯಿಂದ ನೋಡಿದರೆ ಈ ಪ್ರಕರಣದಲ್ಲಿ ಹೊಸದೇನೂ ಇಲ್ಲ. ವಯಸ್ಸಾದ ಬೆಕ್ಕು, ಸೋಲುತ್ತಿರುವ ಮೂತ್ರಪಿಂಡ. ಮೈಸೂರಿನ ನಮ್ಮ ಕ್ಲಿನಿಕ್‌ಗೆ ಇಂಥವು ಬರುತ್ತಲೇ ಇರುತ್ತವೆ. ಬರೆದಿಡಲು ಕಾರಣ ಬೇರೆ. ಬೆಕ್ಕಿಗೆ ಅನ್ನ ಹಾಕುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು, ಆಸ್ಪತ್ರೆಗೆ ಹೊತ್ತು ತರುವವರು ಮತ್ತೊಬ್ಬರು ಆಗಿದ್ದ ಮನೆಯಲ್ಲಿ ‘ಇನ್ನು ಸಾಕು’ ಎಂಬ ಮಾತನ್ನು ಯಾರು ಹೇಳಬೇಕು ಎನ್ನುವುದು ಚಿಕಿತ್ಸೆಗಿಂತ ದೊಡ್ಡ ಪ್ರಶ್ನೆಯಾಗಿ ನಿಂತಿತು. ದಿನವೂ ಆರೈಕೆ ಮಾಡುವ ಕೈಗೇ ಆ ಮಾತಿನ ಹಕ್ಕು ಇರಬೇಕು ಎಂದು ನಂಬುವವನು ನಾನು. ಆ ನಂಬಿಕೆಯನ್ನು ನಡೆಸಿ ತೋರಿಸುವುದು ಎಷ್ಟು ತೊಡಕಿನ ಕೆಲಸ ಎಂಬುದು ಇಲ್ಲಿ ಗೊತ್ತಾಯಿತು.

ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ, ಬೆಕ್ಕಿನ ಹೆಸರನ್ನೂ ಸೇರಿಸಿ. ಇಲ್ಲಿ ಅವಳು ಪುಟ್ಟಿ.

ಹಿನ್ನೆಲೆ

ಮಂಡ್ಯದ ಹಳೆಯ ಬಡಾವಣೆಯೊಂದರ ಮನೆ. ಹಿತ್ತಿಲಲ್ಲಿ ಕರಿಬೇವು, ನುಗ್ಗೆ, ಒಗೆಯುವ ಕಲ್ಲು. ಮನೆಯ ಹಿರಿಯರು ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ, ಬೀದಿಗೆಲ್ಲ ಟೀಚರಮ್ಮ. ಪತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಜೊತೆಯಲ್ಲಿ ಸಹಕಾರ ಸಂಘವೊಂದರ ನೌಕರನಾದ ಮಗ, ಸೊಸೆ, ಪಿಯುಸಿ ಓದುವ ಮೊಮ್ಮಗ. ಮಗಳಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಪುಟ್ಟಿಯನ್ನು ಮರಿಯಾಗಿದ್ದಾಗ ಮನೆಗೆ ತಂದವರು ಈ ಮಗಳೇ. ಕೆಲಸ ಸಿಕ್ಕಿ ಅವರು ಊರು ಬಿಟ್ಟಾಗ ಬೆಕ್ಕು ಟೀಚರಮ್ಮನ ಪಾಲಿಗೆ ಉಳಿಯಿತು. ಆದರೂ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ, ಡಬ್ಬಿಯ ಆಹಾರ ಎಲ್ಲದರ ಖರ್ಚು ಮಗಳದೇ. ನಮ್ಮ ಕಡತದಲ್ಲಿ ಮಾಲೀಕರು ಎಂದು ಬರೆದಿದ್ದದ್ದೂ ಅವರ ಹೆಸರನ್ನೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2024ರ ಬೇಸಿಗೆಯಲ್ಲಿ ಪುಟ್ಟಿ ಒಗೆಯುವ ಕಲ್ಲಿನ ಪಕ್ಕದ ಬಕೆಟ್‌ಗೆ ಬಾಯಿ ಹಾಕಿ ನೀರು ಕುಡಿಯತೊಡಗಿತು. ಅದುವರೆಗೆ ಅದು ನೀರು ಕುಡಿಯುವುದನ್ನು ಮನೆಯವರು ನೋಡಿದ್ದೇ ಅಪರೂಪ. ಬಿಸಿಲು ಹೆಚ್ಚು ಎಂದುಕೊಂಡರು. ಮಳೆ ಬಂದ ಮೇಲೂ ನೀರು ಕುಡಿಯುವುದು ನಿಲ್ಲಲಿಲ್ಲ. ಮರಳಿನ ತಟ್ಟೆ ದಿನಕ್ಕೆರಡು ಸಲ ಬದಲಿಸುವಷ್ಟು ನೆನೆಯುತ್ತಿತ್ತು. ಬೆನ್ನಿನ ಮೂಳೆ ಕೈಗೆ ಸಿಗತೊಡಗಿತು. ವಯಸ್ಸಾಯಿತಲ್ಲ ಎಂದರು ನೆರೆಯವರು. ಟೀಚರಮ್ಮ ಮಾತ್ರ ಮಗನಿಗೆ ಹೇಳಿ ಊರಿನ ದನದ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಮೂತ್ರಪಿಂಡ ಸಣ್ಣದಾಗಿವೆ, ಸ್ಕ್ಯಾನಿಂಗ್‌ಗೂ ರಕ್ತದೊತ್ತಡ ನೋಡುವುದಕ್ಕೂ ಮೈಸೂರಿಗೆ ಹೋಗಿ ಎಂದರು. ಹಸು ಎಮ್ಮೆಗಳ ಸಾಲಿನ ನಡುವೆ ಬೆಕ್ಕಿಗೆ ಅಷ್ಟು ಸಮಯ ಕೊಟ್ಟ ಆ ವೈದ್ಯರ ಕೈಗುಣದ ಬಗ್ಗೆ ನನಗೆ ಗೌರವವಿದೆ.

ನಮ್ಮಲ್ಲಿ ತೂಕ ಹಾಕಿದಾಗ 2.9 ಕಿಲೋ. ಕಡತದಲ್ಲಿದ್ದ ಹಳೆಯ ತೂಕ 4.2. ಮೂತ್ರಪಿಂಡ ಸೋತಾಗ ರಕ್ತದಲ್ಲಿ ಉಳಿದುಬಿಡುವ ಕಶ್ಮಲ ಕ್ರಿಯಾಟಿನಿನ್ 4.1, ರಕ್ತದೊತ್ತಡ 190, ಮೂತ್ರ ನೀರಿನಷ್ಟೇ ತೆಳು, ಸ್ವಲ್ಪ ರಕ್ತಹೀನತೆ. ಮೂತ್ರಪಿಂಡ ರೋಗದ ಹಂತಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಬಳಗ ಐರಿಸ್‌ನ ಲೆಕ್ಕದಲ್ಲಿ ಕ್ರಿಯಾಟಿನಿನ್ 2.9ರಿಂದ 5ರವರೆಗೆ ಮೂರನೆಯ ಹಂತ, 5 ದಾಟಿದರೆ ನಾಲ್ಕನೆಯದು ಮತ್ತು ಕೊನೆಯದು. ಈ ರೋಗ ತಡವಾಗಿ ಕಣ್ಣಿಗೆ ಬೀಳುವುದಕ್ಕೆ ಕಾರಣವಿದೆ. ಮೂತ್ರಪಿಂಡದ ಸುಮಾರು ಮೂರನೇ ಎರಡು ಭಾಗ ಕೆಲಸ ಬಿಟ್ಟ ಮೇಲೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗುತ್ತದೆ. ಮುಕ್ಕಾಲು ಭಾಗ ಹೋಗುವವರೆಗೆ ರಕ್ತದ ಕ್ರಿಯಾಟಿನಿನ್ ಎದ್ದು ಕಾಣುವಷ್ಟು ಏರುವುದಿಲ್ಲ. ಬಕೆಟ್ಟಿನ ನೀರು ರಕ್ತಪರೀಕ್ಷೆಗಿಂತ ಮೊದಲೇ ಸುಳಿವು ಕೊಟ್ಟಿತ್ತು.

ಒಳ್ಳೆಯ ತಿಂಗಳುಗಳು

ಗುಣವಾಗುವ ಕಾಯಿಲೆಯಲ್ಲ ಎಂದು ಮೊದಲ ದಿನವೇ ಹೇಳಿದೆ. ಹಾಗೆಂದು ಮಾಡಲು ಏನೂ ಇಲ್ಲವೆಂದಲ್ಲ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್, 2.5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ. ಇದನ್ನು ಅಲಕ್ಷಿಸಿದರೆ ಕಣ್ಣಿನ ಅಕ್ಷಿಪಟಲ ಕಳಚಿಕೊಂಡು ಬೆಕ್ಕು ಒಂದೇ ರಾತ್ರಿಯಲ್ಲಿ ಕುರುಡಾಗಬಹುದು. ವಾಂತಿಗೆ ಮರೋಪಿಟೆಂಟ್, ಹಸಿವಿಗೆ ಮಿರ್ಟಜಪೈನ್, ರಂಜಕವನ್ನು ಕರುಳಿನಲ್ಲೇ ತಡೆಯುವ ಪುಡಿ. ಎಲ್ಲವೂ ವೈದ್ಯರು ಅಳೆದು ಕೊಡಬೇಕಾದ ಔಷಧಗಳು. ಇದನ್ನು ಓದಿ ಯಾರೂ ಅಂಗಡಿಗೆ ಹೋಗಬೇಡಿ.

ಆಹಾರದ ವಿಷಯದಲ್ಲಿ ಮೊದಲ ಜಟಾಪಟಿ ನಡೆಯಿತು. ಮೂತ್ರಪಿಂಡದ ರೋಗಕ್ಕೆಂದೇ ತಯಾರಿಸಿದ ದುಬಾರಿ ಆಹಾರವನ್ನು ಮಗಳು ಬೆಂಗಳೂರಿನಿಂದ ಕಳಿಸಿದರು. ಪುಟ್ಟಿ ಮೂಸಿ, ಮುಂಗಾಲಿನಿಂದ ನೆಲ ಕೆರೆದು ಅದನ್ನು ಮುಚ್ಚುವ ನಟನೆ ಮಾಡಿ ಹೋಯಿತು. ‘ಹಸಿವಾದರೆ ತಾನೇ ತಿನ್ನುತ್ತದೆ, ಬೇರೇನೂ ಹಾಕಬೇಡಿ’ ಎಂದು ಮಗಳು ಫೋನಿನಲ್ಲಿ ಪಟ್ಟು ಹಿಡಿದರು. ಟೀಚರಮ್ಮ ಮೀನು ಬೇಯಿಸಿದ ನೀರನ್ನು ಅದರ ಮೇಲೆ ಹನಿಸಿ, ಅರ್ಧಕ್ಕರ್ಧ ಹಳೆಯ ಊಟ ಬೆರೆಸಿ ತಿನ್ನಿಸಿದರು. ನಾನು ಟೀಚರಮ್ಮನ ಪಕ್ಷ ವಹಿಸಿದೆ. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಬೇರೆಯೇ ಕಾಯಿಲೆ ಹುಟ್ಟುತ್ತದೆ. ಸರಿಯಾದ ಆಹಾರದ ಮುಂದೆ ಉಪವಾಸ ಕೂರುವುದಕ್ಕಿಂತ ಅಷ್ಟೇನೂ ಸರಿಯಲ್ಲದ ಆಹಾರವನ್ನು ತಿನ್ನುವುದು ಮೇಲು. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಬೀಳಬಾರದು ಎಂಬುದಷ್ಟೇ ನನ್ನ ಷರತ್ತು. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಇನ್ನು ಡ್ರಿಪ್. ರಿಂಗರ್ ಲ್ಯಾಕ್ಟೇಟ್ ದ್ರಾವಣವನ್ನು ರಕ್ತನಾಳಕ್ಕಲ್ಲ, ಚರ್ಮದ ಕೆಳಗೆ ಕೊಡುವುದು. ದಿನ ಬಿಟ್ಟು ದಿನ 100 ಮಿಲಿಲೀಟರ್. ಇದಕ್ಕಾಗಿ ಪ್ರತಿ ಸಲ ಮೈಸೂರಿಗೆ ಬರುವುದು ಆಗದ ಮಾತು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಮಗನ ಬಳಿ ಇದ್ದದ್ದು ಸ್ಕೂಟರ್. 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಹೋಗುವಂತಿಲ್ಲವಾದ್ದರಿಂದ ಸರ್ವಿಸ್ ರಸ್ತೆಯ ಹಂಪುಗಳ ಮೇಲೆ ಬುಟ್ಟಿಯೊಳಗಿನ ಬೆಕ್ಕು ಕುಲುಕುತ್ತ ಬರಬೇಕಿತ್ತು. ಬಂದು ತಲುಪುವಾಗ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಹಾಗಾಗಿ ಟೀಚರಮ್ಮನಿಗೇ ಕಲಿಸಿದೆವು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ತಣ್ಣಗಿರುವುದನ್ನು ಕಳೆಯಬೇಕು. ಭುಜಗಳ ನಡುವಿನ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ ಹಿಡಿದು ಸೂಜಿ ತೂರಿಸಬೇಕು. ಕೊಟ್ಟ ನೀರು ಮುಂಗಾಲಿನ ಕಡೆಗೆ ಇಳಿದು ಊದಿಕೊಂಡರೆ ಹೆದರಬಾರದು, ಕೆಲವು ಗಂಟೆಗಳಲ್ಲಿ ಮೈ ಅದನ್ನು ಹೀರಿಕೊಳ್ಳುತ್ತದೆ. ನಡುಗುವ ಬೆರಳುಗಳು ಎಂದು ಸೊಸೆಗೆ ಅನುಮಾನವಿತ್ತು. ನಲವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದವರಿಗೆ ಒಂದು ಬೆಕ್ಕು ಯಾವ ಲೆಕ್ಕ? ಬಾಟಲಿ ತೂಗುಹಾಕಿದ್ದು ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ. ಆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಇರುತ್ತಿತ್ತು. ಡ್ರಿಪ್ ಕೊಟ್ಟ ದಿನಕ್ಕೆ ಅದೇ ಚೌಕದಲ್ಲಿ ಒಂದು ಚುಕ್ಕಿ ಬೀಳತೊಡಗಿತು.

ತೂಕ 3.2ಕ್ಕೆ ಏರಿತು. ಕ್ರಿಯಾಟಿನಿನ್ ನಾಲ್ಕರ ಕೆಳಗೆ ನಿಂತಿತು. ಪುಟ್ಟಿ ಮತ್ತೆ ಕಾಂಪೌಂಡ್ ಗೋಡೆ ಹತ್ತಿತು. ದಸರಾ, ದೀಪಾವಳಿ, ಸಂಕ್ರಾಂತಿ ಕಳೆದವು.

ಮೂರು ದಿನದ ಕರಾರು

2025ರ ಫೆಬ್ರುವರಿಯಲ್ಲಿ ಒಂದೇ ವಾರದೊಳಗೆ ಎಲ್ಲ ಕುಸಿಯಿತು. ಊಟ ಬಿಟ್ಟಿತು. ಬಾಯಿಂದ ಕೆಟ್ಟ ವಾಸನೆ. ತೆರೆದು ನೋಡಿದರೆ ನಾಲಿಗೆಯ ಅಂಚಿನಲ್ಲಿ ಹುಣ್ಣು. ತೂಕ 2.2. ಕ್ರಿಯಾಟಿನಿನ್ 8.8. ರಕ್ತಹೀನತೆ ಹೆಚ್ಚಿತ್ತು. ಕತ್ತು ಎತ್ತಿ ನಿಲ್ಲಿಸಲು ಆಗದೆ ಗದ್ದವನ್ನು ಎದೆಗೆ ಊರಿಕೊಂಡಿತ್ತು. ಪೊಟ್ಯಾಸಿಯಂ ಇಳಿದಾಗ ಬೆಕ್ಕುಗಳಲ್ಲಿ ಕಾಣುವ ಲಕ್ಷಣ ಇದು.

ಮಗಳ ಮಾತು ನೇರವಾಗಿತ್ತು: ಬೆಂಗಳೂರಿಗೆ ಕರೆತನ್ನಿ, ದಾಖಲಿಸೋಣ, ರಕ್ತ ಕೊಡಿಸೋಣ, ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ನಳಿಗೆ ಹಾಕಿಸಿ ಊಟ ಕೊಡೋಣ, ಹಣದ ಚಿಂತೆ ಬೇಡ. ಮಗ ಹೊರಗೆ ಬಂದು ನನ್ನ ಬಳಿ ಪಿಸುಗುಟ್ಟಿದರು: ‘ನೀವೇ ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟರೇ, ಅಮ್ಮನಿಗೆ ತಾನೇ ಹೋಯಿತು ಎಂದು ಹೇಳೋಣ.’ ಟೀಚರಮ್ಮ ಬುಟ್ಟಿಯ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಿದ್ದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಮಗನ ಸಲಹೆಗೆ ಅಲ್ಲೇ ಇಲ್ಲವೆಂದೆ. ಸದುದ್ದೇಶದ ಸುಳ್ಳು ಈ ಕೆಲಸದಲ್ಲಿ ಬಹಳ ಚಾಲ್ತಿಯಲ್ಲಿದೆ, ಗೊತ್ತು. ಆದರೆ ಏಳು ತಿಂಗಳು ಸೂಜಿ ಹಿಡಿದವರಿಂದ ಕೊನೆಯ ಸೂಜಿಯನ್ನು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ.

ಮಗಳ ಮಾತಿಗೆ ಹಾಗೆ ಇಲ್ಲವೆನ್ನಲಾಗಲಿಲ್ಲ, ಏಕೆಂದರೆ ಅದು ಪೊಳ್ಳು ವಾದವಲ್ಲ. ಹಳೆಯ ರೋಗದ ಮೇಲೆ ಹೊಸ ಪೆಟ್ಟು ಬಿದ್ದು ಕ್ರಿಯಾಟಿನಿನ್ ಏರಿದ್ದರೆ, ರಕ್ತನಾಳದ ಡ್ರಿಪ್‌ನಿಂದ ಒಂದಿಷ್ಟು ವಾಪಸು ಬರುವುದುಂಟು. ಹಾಗಾಗಿ ಕಾಲಮಿತಿಯ ಪ್ರಯತ್ನವೊಂದನ್ನು ಮುಂದಿಟ್ಟೆ. ಮೈಸೂರಿನಲ್ಲೇ ಮೂರು ದಿನ ಡ್ರಿಪ್. ಮೂರನೆಯ ದಿನದ ಸಂಜೆ ಎರಡು ವಿಷಯ ನೋಡುವುದು: ಕ್ರಿಯಾಟಿನಿನ್ 5ರ ಆಸುಪಾಸಿಗೆ ಇಳಿದಿದೆಯೇ, ಪುಟ್ಟಿ ತಾನಾಗಿ ತಿನ್ನುತ್ತಿದೆಯೇ. ಎರಡೂ ಇಲ್ಲವಾದರೆ ನಳಿಗೆ ಇಲ್ಲ, ಬೆಂಗಳೂರು ಇಲ್ಲ, ಮನೆಗೆ. ಇದನ್ನು ಕನ್ನಡದಲ್ಲಿ ಬರೆದು ಮೂವರ ಮೊಬೈಲಿಗೂ ಕಳಿಸಿ ‘ಒಪ್ಪಿದೆ’ ಎಂಬ ಉತ್ತರ ಬಂದ ಮೇಲೆಯೇ ಸೂಜಿ ಹಾಕಿದೆ. ಚಿಕಿತ್ಸೆ ಶುರುಮಾಡುವಾಗಲೇ ನಿಲ್ಲಿಸುವ ಷರತ್ತನ್ನೂ ಬರೆದುಕೊಳ್ಳದಿದ್ದರೆ, ಪ್ರತಿ ದಿನವೂ ‘ಇನ್ನೊಂದು ದಿನ ನೋಡೋಣ’ ಎಂದೇ ಮುಗಿಯುತ್ತದೆ.

ಮೂರನೆಯ ದಿನ ಕ್ರಿಯಾಟಿನಿನ್ 6.9. ಊಟ ಇಲ್ಲ. ಪಂಜರದ ಮೂಲೆಗೆ ಮುಖ ಮಾಡಿ ಕುಳಿತಿತ್ತು. ಮುಖದ ಲಕ್ಷಣದಿಂದ ಬೆಕ್ಕಿನ ನೋವನ್ನು ಅಳೆಯುವ ಕ್ರಮವೊಂದನ್ನು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿತು: ಕಿವಿ, ಕಣ್ಣಿನ ಬಿಗಿ, ಮೂತಿಯ ಬಿಗಿ, ಮೀಸೆ, ತಲೆಯ ಮಟ್ಟ, ಒಂದೊಂದಕ್ಕೆ ಎರಡರವರೆಗೆ ಅಂಕ; ಹತ್ತಕ್ಕೆ ನಾಲ್ಕು ಬಂದರೆ ನೋವಿನ ಔಷಧ ಬೇಕೆಂದು ಅರ್ಥ. ಪುಟ್ಟಿಗೆ ಆರು ಬಂತು. ಅಂದು ಮಗಳೂ ಬಂದಿದ್ದರು. ‘8.8ರಿಂದ 6.9ಕ್ಕೆ ಇಳಿದಿದೆಯಲ್ಲ, ಇನ್ನು ಮೂರು ದಿನ ಕೊಡಿ’ ಎಂದರು. ಇಳಿದದ್ದು ನಾವು ನೀರು ಹಾಯಿಸುತ್ತಿರುವುದರಿಂದ, ನಿಲ್ಲಿಸಿದ ಕೂಡಲೇ ಏರುತ್ತದೆ ಎಂದು ನಾನು ವಿವರಿಸುತ್ತಿದ್ದಾಗ ಟೀಚರಮ್ಮ ಮೊದಲ ಬಾರಿಗೆ ನಡುವೆ ಬಾಯಿ ಹಾಕಿದರು.

‘ನಳಿಗೆ ಹಾಕಿಸಿದರೆ ಇವಳು ಮತ್ತೆ ಗೋಡೆ ಹತ್ತುತ್ತಾಳೆಯೇ?’

ಇಲ್ಲ ಎಂದೆ. ಕೆಲವು ವಾರ ಉಳಿಯಬಹುದು, ಗೋಡೆ ಹತ್ತುವುದಿಲ್ಲ.

‘ಹಾಗಾದರೆ ಮನೆಗೆ ಕೊಡಿ.’

ಚಿನ್ನದ ಬೆಕ್ಕು

ಮನೆಗೆ ಎಂದರೆ ದಯಾಮರಣಕ್ಕೆ ಒಪ್ಪಿಗೆ ಎಂದು ಮಗ ಅರ್ಥ ಮಾಡಿಕೊಂಡಿದ್ದರು. ಟೀಚರಮ್ಮನ ಮನಸ್ಸಿನಲ್ಲಿ ಹಾಗಿರಲಿಲ್ಲ. ‘ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಹೋಗಿ ದಾನ ಕೊಡಬೇಕು, ಗೊತ್ತೇ?’ ಎಂದರು. ‘ಈಗಿನ ಚಿನ್ನದ ರೇಟಿಗೆ ಒಂದು ಮೀಸೆ ಮಾಡಿಸುವುದೂ ಕಷ್ಟ, ಅಮ್ಮ’ ಎಂದು ಮಗ ಅಂದದ್ದಕ್ಕೆ ಅವರೂ ನಕ್ಕರು. ನಕ್ಕರೂ ಮಾತು ಬಿಡಲಿಲ್ಲ.

ಆ ಹೊತ್ತಿಗೆ ಮೊಮ್ಮಗ ಪತ್ರಿಕೆಯಲ್ಲಿ ಓದಿದ ಸುದ್ದಿಯೊಂದನ್ನು ತೆಗೆದ. ಗುಣವಾಗುವ ಆಸೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತ್ತು. ಅದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿತ್ತು. ಟೀಚರಮ್ಮ ಆ ಸುದ್ದಿಯನ್ನು ಚೆನ್ನಾಗಿಯೇ ಓದಿದ್ದರು. ‘ಅದು ಚಿಕಿತ್ಸೆ ನಿಲ್ಲಿಸುವುದು. ಅದಕ್ಕೆ ನಾನು ಒಪ್ಪುತ್ತೇನೆ, ಡ್ರಿಪ್ ಬೇಡ. ನೀವು ಹೇಳುತ್ತಿರುವುದು ಸೂಜಿ ಚುಚ್ಚಿ ಕೊಲ್ಲುವುದು. ಎರಡೂ ಒಂದೇ ಅಲ್ಲ.’

ಅವರು ಗೆರೆ ಎಳೆದ ಜಾಗ ಸರಿಯಾಗಿತ್ತು. ಮನುಷ್ಯರ ವಿಷಯದಲ್ಲಿ ನಮ್ಮ ಕಾನೂನು ಆ ಗೆರೆಯನ್ನು ದಾಟುವುದಿಲ್ಲ. ಪ್ರಾಣಿಗಳ ವಿಷಯದಲ್ಲಿ ದಾಟುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 13ನೇ ಸೆಕ್ಷನ್, ಸಂಕಟದಲ್ಲಿರುವ ಪ್ರಾಣಿಯನ್ನು ಬದುಕಿಸಿಟ್ಟುಕೊಳ್ಳುವುದೇ ಕ್ರೌರ್ಯವಾಗಬಹುದು ಎಂಬುದನ್ನು ಒಪ್ಪಿಕೊಂಡೇ ಬರೆದದ್ದು. ಆದರೆ ಕಾಯ್ದೆ ಹೇಳಿ ಟೀಚರಮ್ಮನ ಬಾಯಿ ಮುಚ್ಚಿಸುವುದು ನನ್ನ ಉದ್ದೇಶವಾಗಿರಲಿಲ್ಲ. ನಾನು ಹೇಳಿದ್ದು ಇಷ್ಟು: ಆಸ್ಪತ್ರೆಯಲ್ಲಿ ಮನುಷ್ಯರ ಚಿಕಿತ್ಸೆ ನಿಲ್ಲಿಸಿದಾಗ ನೋವು ಕಾಣದಂತೆ ಮಂಪರಿನ ಔಷಧ ನಡೆಯುತ್ತಿರುತ್ತದೆ, ದಾದಿಯರು ಪಕ್ಕದಲ್ಲಿರುತ್ತಾರೆ. ಮೂತ್ರಪಿಂಡ ಸೋತ ಬೆಕ್ಕನ್ನು ಮನೆಯಲ್ಲಿ ಸುಮ್ಮನೆ ಬಿಟ್ಟರೆ ಅದು ನಿದ್ದೆಯಲ್ಲಿ ಹೋಗುತ್ತದೆಂದು ಅಂದುಕೊಳ್ಳಬೇಡಿ. ದಿನಗಟ್ಟಲೆ ಓಕರಿಕೆ, ಬಾಯಿಹುಣ್ಣು, ಕೊನೆಗೆ ಸೆಳವು ಬರಬಹುದು. ನೋವುನಿವಾರಕಗಳಲ್ಲಿ ಬಲವಾದವು 1985ರ ಮಾದಕ ವಸ್ತು ಕಾಯ್ದೆಯ ಕೆಳಗೆ ಬರುತ್ತವೆ, ಸುಮ್ಮನೆ ಮನೆಗೆ ಕಟ್ಟಿಕೊಡುವಂತಿಲ್ಲ.

ಅವರು ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ‘ಯಾವಾಗ ಎಂದು ನನಗೆ ಹೇಗೆ ಗೊತ್ತಾಗಬೇಕು?’ ಎಂದು ಕೇಳಿದರು. ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯಲ್ಲಿ. ಕೊಲ್ಲಬೇಕೇ ಬೇಡವೇ ಎಂಬಲ್ಲಿಂದ ಯಾವಾಗ ಎಂಬಲ್ಲಿಗೆ ಅವರು ತಾವಾಗಿಯೇ ಬಂದಿದ್ದರು.

ಟೀಚರಮ್ಮನ ಮೌಲ್ಯಮಾಪನ

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ಮಂಡಿಸಿದ ಮಾಪಕವನ್ನು ನಾವು ಬಳಸುತ್ತೇವೆ. ನೋವು, ಹಸಿವು, ಮೈಯಲ್ಲಿನ ನೀರು, ಶುಚಿ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚೇ ಎಂಬುದು: ಏಳಕ್ಕೂ ಹತ್ತರವರೆಗೆ ಅಂಕ, ಒಟ್ಟು 35 ದಾಟಿದರೆ ಬದುಕು ಸಹನೀಯವೆಂದು ಲೆಕ್ಕ. ಇದನ್ನು ಕನ್ನಡಕ್ಕೆ ಇಳಿಸಿದ ಹಾಳೆಯನ್ನು ಟೀಚರಮ್ಮನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ‘ಎಪ್ಪತ್ತಕ್ಕೆ ಮೂವತ್ತೈದೇ? ನಮ್ಮಲ್ಲಿ ನೂರಕ್ಕೆ ಮೂವತ್ತೈದು ಬಂದರೆ ಪಾಸು ಮಾಡುತ್ತೇವೆ’ ಎಂದು ಹಾಳೆ ವಾಪಸು ಕೊಟ್ಟರು. ಅಂಕ ಹಾಕುವ ಕೆಲಸ ಅವರಿಗೆ ಬೇಡವಾಗಿತ್ತು.

ಹಾಗಾದರೆ ಪುಟ್ಟಿ ಪುಟ್ಟಿಯೇ ಆಗಿರುವುದು ಯಾವ ಮೂರು ಕೆಲಸಗಳಿಂದ ಹೇಳಿ ಎಂದೆ. ಯೋಚಿಸಬೇಕಾಗಲಿಲ್ಲ. ಬೆಳಗಿನ ಜಾವ ಹಾಲಿನವನ ಗಂಟೆಗೆ ಬಾಗಿಲಿಗೆ ಬರುವುದು. ತಾನೇ ಮೈ ನೆಕ್ಕಿಕೊಳ್ಳುವುದು. ಅವರು ಪೂಜೆಗೆ ಕುಳಿತಾಗ ಮಣೆಯ ಪಕ್ಕ ಬಂದು ಕೂರುವುದು. ಪ್ರತಿ ದಿನ ಕ್ಯಾಲೆಂಡರಿನ ಚೌಕದಲ್ಲಿ ಮೂರಕ್ಕೂ ಸರಿ ಅಥವಾ ತಪ್ಪು ಗುರುತು. ಸತತ ಎರಡು ದಿನ ಮೂರಕ್ಕೆ ಎರಡು ತಪ್ಪು ಬಂದರೆ ನನಗೆ ಫೋನ್ ಮಾಡಬೇಕು. ಮಗನಲ್ಲ, ಮಗಳಲ್ಲ, ಅವರೇ ಮಾಡಬೇಕು. ಈ ಷರತ್ತನ್ನು ಮಗಳ ಎದುರಿಗೇ ಹೇಳಿದೆ. ಮುಖ ಬಿಗಿಯಾಯಿತು, ಆದರೆ ಬೇಡವೆನ್ನಲಿಲ್ಲ.

ಮನೆಯಲ್ಲಿ ಕಳೆದ ದಿನಗಳಿಗೆ ವಾಂತಿಯ ಔಷಧ, ಬಾಯಿಯ ನೋವಿಗೆ ತಗ್ಗಿಸಿದ ಪ್ರಮಾಣದ ಗ್ಯಾಬಪೆಂಟಿನ್ ಕೊಟ್ಟಿದ್ದೆ. ನೆರೆಮನೆಯವರೊಬ್ಬರು ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ತಂದುಕೊಟ್ಟರಂತೆ. ಸೊಸೆ ಫೋನ್ ಮಾಡಿ ಕೇಳಿದ್ದು ಒಳ್ಳೆಯದಾಯಿತು. ಆ ಔಷಧವನ್ನು ಅರಗಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ, ಒಂದು ಮಾತ್ರೆಯೇ ಪ್ರಾಣ ತೆಗೆಯಬಲ್ಲದು. ಅದೂ ಸುಖದ ಸಾವಲ್ಲ.

ಮೊದಲ ಕೆಲವು ದಿನ ಕೆಂಪು ಶಾಯಿಯ ಸರಿಗಳೇ ಹೆಚ್ಚಿದ್ದವು. ಪೂಜೆಯ ಗುರುತಂತೂ ಕೊನೆಯವರೆಗೆ ತಪ್ಪಲಿಲ್ಲ ಎಂದು ಆಮೇಲೆ ಕ್ಯಾಲೆಂಡರ್ ನೋಡಿದಾಗ ತಿಳಿಯಿತು. ಟೀಚರಮ್ಮ ಉದಾರವಾಗಿ ಅಂಕ ಹಾಕಿರಬಹುದು ಎಂಬ ಅನುಮಾನ ನನಗಿದೆ. ಮಿಕ್ಕ ಎರಡರಲ್ಲಿ ಉದಾರತೆಗೆ ಎಡೆಯಿರಲಿಲ್ಲ.

ಗುರುವಾರ

ಫೋನ್ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ‘ನೀರಿನ ಬಟ್ಟಲಿನ ಮೇಲೆ ಮುಖ ಇಟ್ಟುಕೊಂಡು ಕುಳಿತಿದ್ದಾಳೆ. ಕುಡಿಯುತ್ತಿಲ್ಲ. ರಾತ್ರಿಯಿಂದ ಹಾಗೇ. ನಿನ್ನೆ ಎರಡು ತಪ್ಪು, ಇವತ್ತು ಎರಡು ತಪ್ಪು. ಬನ್ನಿ.’ ಬಾಯಾರಿಕೆ ಇದ್ದು, ಓಕರಿಕೆಯಿಂದ ಕುಡಿಯಲಾಗದೆ ಬಟ್ಟಲಿನ ಮುಂದೆ ಕೂರುವುದು ಕೊನೆಯ ಹಂತದ ಮೂತ್ರಪಿಂಡ ರೋಗದಲ್ಲಿ ನಾವು ಪದೇಪದೇ ಕಾಣುವ ಭಂಗಿ.

ಮಗಳು ಶನಿವಾರದವರೆಗೆ ಕಾಯಿರಿ ಎಂದರು. ಟೀಚರಮ್ಮನಿಗೆ ಶುಕ್ರವಾರ ಬೇಡ, ಮನೆಯಲ್ಲಿ ಲಕ್ಷ್ಮಿಯ ದಿನ. ಶನಿವಾರದವರೆಗೆ ಕಾಯುವುದು ಬೆಕ್ಕಿಗಾಗಿ ಅಲ್ಲ, ನಿಮಗಾಗಿ; ಬರುವುದಾದರೆ ಇವತ್ತೇ ಬನ್ನಿ, ಸಂಜೆಯವರೆಗೆ ಕಷ್ಟವಾಗದಂತೆ ನೋಡಿಕೊಳ್ಳುತ್ತೇನೆ ಎಂದು ಮಗಳಿಗೆ ನಾನೇ ಹೇಳಿದೆ. ಈ ಮಾತನ್ನು ಮನೆಯವರು ಹೇಳುವುದಕ್ಕಿಂತ ವೈದ್ಯರು ಹೇಳಿ ಬೈಸಿಕೊಳ್ಳುವುದು ಉತ್ತಮ. ಮಧ್ಯಾಹ್ನದ ರೈಲು ಹಿಡಿದು ಬಂದರು.

ಪುಟ್ಟಿಯನ್ನು ಮೈಸೂರಿಗೆ ತರುವ ಪ್ರಶ್ನೆಯೇ ಇರಲಿಲ್ಲ. ಕ್ಲಿನಿಕ್ ಮುಚ್ಚಿ ನಾನೇ ಹೋದೆ. ಶುರುಮಾಡುವ ಮೊದಲು ಏನೇನು ಕಾಣುತ್ತದೆ ಎಂದು ಎಲ್ಲರನ್ನೂ ಕೂರಿಸಿ ಹೇಳಿದೆ: ಮೊದಲು ಮಂಪರಿನ ಇಂಜೆಕ್ಷನ್, ಅದಾದ ಹತ್ತು ಹದಿನೈದು ನಿಮಿಷಕ್ಕೆ ಗಾಢ ನಿದ್ದೆ, ಆಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧ ಹೆಚ್ಚಿನ ಪ್ರಮಾಣದಲ್ಲಿ. ಹಲವು ದೇಶಗಳಲ್ಲಿ ಇದಕ್ಕೆ ಪೆಂಟೊಬಾರ್ಬಿಟಲ್ ಬಳಸುತ್ತಾರೆ. ನಾನು ಬಳಸಿದ್ದು ಅದೇ ವರ್ಗದ ಥಯೋಪೆಂಟೋನ್. ಕಣ್ಣು ತೆರೆದೇ ಇರುತ್ತದೆ. ಮೂತ್ರ ಹೋಗಬಹುದು. ಹೃದಯ ನಿಂತ ಮೇಲೂ ಒಂದೆರಡು ಸಲ ಎದೆ ಏರಿಳಿದಂತೆ ಕಾಣಬಹುದು, ಅದು ಉಸಿರಲ್ಲ. ಮೊದಲೇ ಹೇಳದಿದ್ದರೆ ಈ ಕೊನೆಯದೊಂದೇ ವರ್ಷಗಟ್ಟಲೆ ಕಾಡುತ್ತದೆ.

ಒಪ್ಪಿಗೆ ಪತ್ರಕ್ಕೆ ಮಾಲೀಕರ ಸಹಿ ಬೇಕು. ಕಡತದ ಪ್ರಕಾರ ಮಾಲೀಕರು ಮಗಳು. ಪೆನ್ನು ಹಿಡಿದ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮ ಹಾಕಲಿ’ ಎಂದರು. ಟೀಚರಮ್ಮ ‘ತಂದವಳು ನೀನು’ ಎಂದರು. ಇಬ್ಬರೂ ಹಾಕಿ ಎಂದೆ, ಹಾಕಿದರು. ಪೂಜೆಯ ಕೋಣೆಯ ಹೊಸಿಲಿನ ಹೊರಗೆ, ಟೀಚರಮ್ಮನ ಹಳೆಯ ಸೀರೆಯ ಮೇಲೆ, ಎಲ್ಲವೂ ಸಲೀಸಾಗಿ ಮುಗಿಯಿತು.

ಹೂಳುವ ಜಾಗದ ಬಗ್ಗೆ ಮತ್ತೆ ಚರ್ಚೆಯಾಯಿತು. ಮಗ ಊರಾಚೆಯ ತಮ್ಮ ಗದ್ದೆಗೆ ಒಯ್ಯಲು ಹೊರಟಿದ್ದರು. ನಾಲೆಯ ಬಯಲು, ಕಬ್ಬಿನ ಗದ್ದೆಯಲ್ಲಿ ಮೂರಡಿ ತೋಡುವಷ್ಟರಲ್ಲಿ ನೀರು ಒಸರುತ್ತದೆ. ಥಯೋಪೆಂಟೋನ್‌ನಂಥ ಔಷಧ ದೇಹದಲ್ಲಿ ಉಳಿದಿರುತ್ತದೆ, ಅರೆಬರೆ ಹೂತರೆ ಅಗೆದು ತಿಂದ ನಾಯಿಯೋ ಹದ್ದೋ ಸಾಯಬಹುದು. ಹಾಗಾಗಿ ಹಿತ್ತಿಲಿನಲ್ಲೇ, ಕರಿಬೇವಿನಿಂದ ದೂರಕ್ಕೆ, ನಾಲ್ಕಡಿ ಆಳ ತೋಡಿ, ಮೇಲೆ ಚಪ್ಪಡಿ ಎಳೆಸಿದೆವು. ಮಿಕ್ಕ ಡ್ರಿಪ್ ಬಾಟಲಿಗಳನ್ನು ಮೊಮ್ಮಗ ಕ್ಲಿನಿಕ್‌ಗೆ ತಂದುಕೊಟ್ಟ. ಬೇರೆ ಬೆಕ್ಕುಗಳಿಗೆ ಬಂದವು.

ಆಮೇಲೆ

ಹೊಸ ರೋಗಿಯ ಕಡತ ತೆರೆಯುವಾಗ ಈಗ ನಾವು ಮಾಲೀಕರ ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆಸುತ್ತೇವೆ: ದಿನವೂ ಊಟ ಹಾಕುವವರು ಯಾರು, ಅವರ ಫೋನ್ ಸಂಖ್ಯೆ ಯಾವುದು. ದೀರ್ಘಕಾಲದ ಕಾಯಿಲೆ ಎಂದು ಗೊತ್ತಾದ ದಿನವೇ, ಪ್ರಾಣಿ ಇನ್ನೂ ಚೆನ್ನಾಗಿರುವಾಗಲೇ, ಆ ಮೂರು ಕೆಲಸಗಳನ್ನು ಅವರಿಂದ ಕೇಳಿ ಬರೆದುಕೊಳ್ಳುತ್ತೇವೆ. ಕೆಲವರಿಗೆ ಇದು ಅಪಶಕುನದಂತೆ ಕಾಣುತ್ತದೆ. ಆಗ ಒತ್ತಾಯ ಮಾಡುವುದಿಲ್ಲ, ಮುಂದಿನ ಭೇಟಿಯಲ್ಲಿ ಮತ್ತೆ ಕೇಳುತ್ತೇವೆ.

ಟೀಚರಮ್ಮ ಕಾಶಿಯ ಮಾತನ್ನು ಮತ್ತೆ ಎತ್ತಿಲ್ಲ ಎಂದು ಮಗ ಹೇಳುತ್ತಾರೆ. ಮಗಳು ಮಾತ್ರ ಕೆಲವು ತಿಂಗಳ ನಂತರ ಸಂದೇಶ ಕಳಿಸಿದರು: ನಳಿಗೆ ಹಾಕಿಸಿದ್ದರೆ ಇನ್ನೊಂದು ತಿಂಗಳು ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತೇನೋ ಎಂದು ಬರೆದೆ. ಆಹಾರ, ನೀರು, ಔಷಧ ಮೂರೂ ನಳಿಗೆಯಲ್ಲಿ ಹೋಗುವುದರಿಂದ ಕೆಲವು ಬೆಕ್ಕುಗಳು ವಾರಗಟ್ಟಲೆ, ಅಪರೂಪಕ್ಕೆ ತಿಂಗಳುಗಟ್ಟಲೆ ಉಳಿದದ್ದುಂಟು. ಮೂರನೆಯ ಹಂತದಲ್ಲೇ ಹಾಕಿಸಿಕೊಂಡ ಬೆಕ್ಕುಗಳಿಗೆ ನಾನೇ ಶಿಫಾರಸು ಮಾಡಿದ್ದೇನೆ. ಪುಟ್ಟಿಯ ರಕ್ತಹೀನತೆ, ತೂಕ, ಮುಖದಲ್ಲಿ ಕಂಡ ನೋವು ನೋಡಿ ನಾನು ಬೇಡವೆಂದದ್ದು, ಬೇರೆ ವೈದ್ಯರು ಬೇಕೆನ್ನುತ್ತಿದ್ದಿರಬಹುದು ಎಂದೂ ಸೇರಿಸಿದೆ. ಆ ಉತ್ತರ ಅವರಿಗೆ ಸಮಾಧಾನ ತಂದಿಲ್ಲ. ತಾಯಿ ಮಗಳು ಈ ಬಗ್ಗೆ ಇನ್ನೂ ವಾದಿಸುತ್ತಾರಂತೆ, ಹಬ್ಬಕ್ಕೆ ಮನೆಗೆ ಬಂದಾಗಲೆಲ್ಲ.